ಮಹಜರು

ತಿತಿಮತಿ ವಲಯ ಕಚೇರಿಯಲ್ಲಿ
ಇಪ್ಪತ್ತಾರು ವರ್ಷ ನಾನು ಆನೆಗಳ ಲೆಕ್ಕ ಬರೆದೆ.
ಸರಿಯಾಗಿ ಹೇಳಬೇಕೆಂದರೆ ಆನೆಗಳದ್ದಲ್ಲ,
ಆನೆ ಬಂದಿತ್ತು ಎನ್ನುವವರ ಲೆಕ್ಕ.

ಬಂತು ಎಂದವರು ತೋರಿಸಬೇಕು:
ಲದ್ದಿ, ಹೆಜ್ಜೆ, ಬುಡಮೇಲಾದ ಬಾಳೆ,
ಕಾಫಿ ಗಿಡದಲ್ಲಿ ಒಂದಾದರೂ ಹಸಿ ಗಾಯ.
ಬರಲಿಲ್ಲ ಎನ್ನುವ ಪಕ್ಕದ ತೋಟದವನನ್ನು ಕರೆಸಿ
ಎಲ್ಲಯ್ಯಾ ನಿನ್ನ ಬಾರದ ಆನೆ,
ಅದರ ಇಲ್ಲದ ಹೆಜ್ಜೆಯ ಅಳತೆ ಕೊಡು
ಎಂದು ಯಾರೂ ಕೇಳಿದ್ದಿಲ್ಲ.
ಅರ್ಜಿ ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಇದನ್ನೇ ಹೇಳಿದೆ ಉತ್ತಯ್ಯ ಮಾವನಿಗೆ,
ಕೈಲ್‌ಪೊಳ್ದಿನ ದಿನ, ಮೂರನೇ ಗ್ಲಾಸಿನ ಹೊತ್ತಿಗೆ.
ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ
ಎಲ್ಲರೂ ಅಕ್ಕಿ ಹಾಕಿ ಕೈಮುಗಿದಾಗ
ನಾನು ಕಂಬಕ್ಕೊರಗಿ ನಿಂತದ್ದು ಅವರ ಕಣ್ಣಿಗೆ ಬಿದ್ದಿತ್ತು.
"ನೀನು ನಾಸ್ತಿಕ. ದೇವರಿಲ್ಲ ಅನ್ನುವವ.
ಇಲ್ಲ ಅಂತ ತೋರಿಸು ನೋಡೋಣ" ಅಂದರು,
ಕೋವಿಯ ಬಾಯಲ್ಲಿ ಬಾಡುತ್ತಿದ್ದ
ತೋಕ್ ಪೂವನ್ನು ನೇರ ಮಾಡುತ್ತಾ.

ಮಾವ, ಆ "ಇಲ್ಲ" ಎಲ್ಲಿ ಕೂರುತ್ತದೆ ನೋಡಿ.
ದೇವರಿಲ್ಲ ಎಂದು ನಂಬಿದ್ದೇನೆ. ಇದೊಂದು ಮಾತು.
ದೇವರಿದ್ದಾನೆ ಎಂದು ನಂಬಿಲ್ಲ. ಇದೊಂದು.
ಅದೇ ಎರಡಕ್ಷರ.
ಒಂದರಲ್ಲಿ ದೇವರ ಬಾಲಕ್ಕೆ ಅಂಟಿದೆ,
ಇನ್ನೊಂದರಲ್ಲಿ ನನ್ನ ಬಾಲಕ್ಕೆ.
ನನಗೆ ಅಂಟಿದ್ದನ್ನು ಸಾಬೀತು ಮಾಡುವುದೇನು ಬಂತು?
ಇಗೋ, ನಿಂತಿದ್ದೇನೆ. ಕೈಯಲ್ಲಿ ಅಕ್ಕಿ ಇಲ್ಲ.

"ಇದು ವಕೀಲಿಕೆ" ಎಂದು ನಕ್ಕರು ಮಾವ.
"ಹಂದಿಕರಿ ಆರುತ್ತದೆ, ತಿನ್ನು."

ತಿಂದೆ.

ಒಂದನ್ನು ಮಾತ್ರ ಅವರಿಗೆ ಹೇಳಲಿಲ್ಲ.
ಕಕ್ಕಡದಲ್ಲಿ ಬೋಜಮ್ಮನ ಅರ್ಜಿ ಬಂದಿತ್ತು.
ನಾಲ್ಕನೇ ದಿನ ನಾನು ಹೋಗುವಷ್ಟರಲ್ಲಿ
ಸಸಿಮಡಿ ಬರೀ ಕೆಸರು, ಹೆಜ್ಜೆಗಳನ್ನು ನೀರು ತಿಂದಿತ್ತು.
ರಾತ್ರಿಯಿಡೀ ಉಸಿರು ಕೇಳಿಸಿತು ಎಂದಳು,
ಗೋಡೆಯ ಆಚೆ, ಕುಲುಮೆಯ ತಿದಿಯ ಹಾಗೆ.
ನಾಯಿ ಬೊಗಳಲಿಲ್ಲ,
ಮಂಚದಡಿ ಸೇರಿ ಉಚ್ಚೆ ಹೊಯ್ದಿತು.
ನಾಯಿಯ ಉಚ್ಚೆ ಮಹಜರಿಗೆ ಬರುವುದಿಲ್ಲ.
ನಾನು ಬರೆದೆ: ಆನೆ ಬಂದ ಕುರುಹು ಕಂಡುಬಂದಿಲ್ಲ.

"ಬಂದಿಲ್ಲ ಅಂತ ಬರೆದೆಯಾ?"
ಅಲ್ಲ ಬೋಜಮ್ಮ, ಬಂದದ್ದು ಕಂಡಿಲ್ಲ ಅಂತ.
ಅವಳು ಸೆರಗಿನಿಂದ ಮೊಣಕೈಯ ಕೆಸರು ಒರೆಸಿಕೊಂಡಳು.
"ಎರಡಕ್ಕೂ ದುಡ್ಡು ಬರುವುದಿಲ್ಲ, ಅಲ್ಲವಾ?"

ಬರುವುದಿಲ್ಲ.
ಅವಳು ಸುಳ್ಳು ಹೇಳಿದಳೆಂದು
ನನಗೆ ಅಂದೂ ಅನ್ನಿಸಲಿಲ್ಲ, ಇಂದೂ.

ಕೊಟ್ಟಿಗೆಯಲ್ಲೇ ಆನೆ ಇದೆ ಎಂದು
ಕುಡಿದು ಬಂದವನೊಬ್ಬನಿದ್ದ.
ಹೋಗಿ ಬಾಗಿಲು ತೆಗೆದೆ. ಎರಡು ಹಸು, ಒಂದು ಮೊರ.
ಅಲ್ಲಿ ಇಲ್ಲ ಎಂದರೆ ಇಲ್ಲ, ಆ ಇಲ್ಲಕ್ಕೆ ಸಹಿ ಹಾಕಬಲ್ಲೆ.
ಆದರೆ ನನ್ನ ಆನೆ ಎಲ್ಲ ಕಡೆಯೂ ಇದೆ,
ಕಣ್ಣಿಗೆ ಬೀಳುವುದಿಲ್ಲ, ಲದ್ದಿ ಹಾಕುವುದಿಲ್ಲ,
ಬಾಳೆ ಮುಟ್ಟುವುದಿಲ್ಲ ಎಂದು ಬಂದರೆ
ಆ ಅರ್ಜಿಯನ್ನು ಯಾವ ಕಡತಕ್ಕೆ ಸೇರಿಸಲಿ?
ತಿರಸ್ಕರಿಸುವುದಕ್ಕಾದರೂ
ಇಷ್ಟು ನಷ್ಟ ಎಂದಿರಬೇಕಲ್ಲ.

ಆ ರಾತ್ರಿ ಮಾವನನ್ನು ಅವರ ಮಗಳ ಮನೆಗೆ ಬಿಡಲು ಹೊರಟೆ.
ತೋಟದ ಅಡ್ಡದಾರಿ, ಟಾರ್ಚಿನ ಸೆಲ್ಲು ಮುಗಿಯುತ್ತಾ ಬಂದಿತ್ತು.
ಬಿದಿರು ಒಮ್ಮೆ ಲಟಕ್ಕೆಂದಿತು.
"ಆನೆಯಾ?"
ಕಾಣುತ್ತಿಲ್ಲ ಮಾವ.
"ಇಲ್ಲ ಅನ್ನು. ಅಂದರೆ ನಡೆಯುತ್ತೇನೆ."

ಅನ್ನಲಾಗಲಿಲ್ಲ.
ಇಬ್ಬರೂ ನಿಂತೆವು, ಅವರ ಕೈ ನನ್ನ ತೋಳಿನಲ್ಲಿ.
ಆಮೇಲೆ ಅವರು ಮೆಲ್ಲಗೆ
"ಈಗ ಯಾರಯ್ಯಾ ನಂಬಿದ್ದು?" ಎಂದರು.
ಆನೆಯ ಹೆಜ್ಜೆಯನ್ನು ಟೇಪು ಹಿಡಿದು ಅಳೆದಿದ್ದೇನೆ, ಎಂದೆ.

ಸುತ್ತುದಾರಿಯಲ್ಲೇ ಹೋದೆವು, ಎರಡು ಮೈಲಿ ಹೆಚ್ಚು.
ಅಡ್ಡದಾರಿಯಲ್ಲಿ ಏನಿತ್ತೋ,
ಯಾರೂ ಅರ್ಜಿ ಹಾಕಲಿಲ್ಲ.